ಹಳದಿ ಹಲಗೆಯ ಮೇಲಿನ ಊರು

“ಸರ್, ಪೋಸ್ಟರಿನಲ್ಲಿ ಇರುವುದೆಲ್ಲ ಸಿನಿಮಾದಲ್ಲೂ ಇರಲೇಬೇಕಾ?”

ಕೇಳಿದವಳು ತನುಜಾ. ಮಾಧ್ಯಮ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ಕೇಳಿಸಿಕೊಂಡವರು ಷಡಕ್ಷರಿ ಮೇಷ್ಟ್ರು. ಆ ವಿಭಾಗದಲ್ಲಿ ಚಿತ್ರವಿನ್ಯಾಸ ಕಲಿಸುವವರು ಅವರೇ. ಏನಾದರೂ ಕೇಳಿದರೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಹೌದು ಅಥವಾ ಇಲ್ಲ ಎಂದರೆ ಮಕ್ಕಳು ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ ಮರೆತುಬಿಡುತ್ತಾರೆ, ಕತೆ ಹೇಳಿದರೆ ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕಾಗುತ್ತದೆ ಎಂಬುದು ಅವರ ನಂಬಿಕೆ.

ಮೇಜಿನ ಮೇಲೆ ಪೋಸ್ಟರಿನ ಮಾದರಿ ಪ್ರತಿ ಇತ್ತು. ತನುಜಾ ಮತ್ತು ಅವಳ ಜೊತೆಗಾರರು ಕೋರ್ಸಿನ ಪ್ರಾಜೆಕ್ಟಿಗಾಗಿ ಒಂದು ಕಿರುಚಿತ್ರ ಮಾಡಿದ್ದರು. ಹತ್ತಿರದ ಒಂದು ಕೊಪ್ಪಲಿನಲ್ಲಿ ಮಕ್ಕಳು ಕಡಿಮೆಯಾದರೆಂದು ಶಾಲೆ ಮುಚ್ಚಿದ್ದರು. ಆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು ಸಣ್ಣತಾಯಮ್ಮ. ಶಾಲೆ ಮುಚ್ಚಿದ ಮೇಲೂ ಅವಳು ದಿನಾ ಬೆಳಿಗ್ಗೆ ಬಂದು ಜಗಲಿ ಗುಡಿಸುತ್ತಾಳೆ. ಇವತ್ತಲ್ಲ ನಾಳೆ ಬಾಗಿಲು ತೆಗೆಯುತ್ತಾರೆ, ಮಕ್ಕಳು ಬಂದಾಗ ಕಸ ಇರಬಾರದು ಎನ್ನುತ್ತಾಳೆ. ಚಿತ್ರ ಅವಳ ಕುರಿತಾದದ್ದು. ಅದು ಬಾಗಿಲಿಗೆ ಹಾಕಿದ ಬೀಗದ ಮೇಲೆ ಮುಗಿಯುತ್ತದೆ.

ಪೋಸ್ಟರಿನಲ್ಲಿ ಬೀಗ ಇರಲಿಲ್ಲ. ಶಾಲೆಯ ಬಾಗಿಲು ಹಾರು ಹೊಡೆದಿತ್ತು. ಚೀಲ ಹಾಕಿಕೊಂಡ ಮಕ್ಕಳು ಒಳಗೆ ಓಡುತ್ತಿದ್ದರು. ಪಕ್ಕದಲ್ಲಿ ಸಣ್ಣತಾಯಮ್ಮ ಪೊರಕೆ ಹಿಡಿದು ನಗುತ್ತ ನಿಂತಿದ್ದಳು. ಮಕ್ಕಳನ್ನು ತನುಜಾ ಬೇರೆ ಯಾವುದೋ ಫೋಟೋದಿಂದ ತೆಗೆದು ಅಲ್ಲಿ ಕೂರಿಸಿದ್ದಳು. ಬಾಗಿಲನ್ನು ಕಂಪ್ಯೂಟರಿನಲ್ಲಿ ತೆರೆದಿದ್ದಳು. ನಗು ಮಾತ್ರ ಸಣ್ಣತಾಯಮ್ಮನದೇ. ಚಿತ್ರೀಕರಣದ ದಿನ ಇವರನ್ನೆಲ್ಲ ಊಟಕ್ಕೆ ಕರೆದಾಗ ನಕ್ಕದ್ದು.

ಚಿತ್ರದ ಮೊದಲ ಪ್ರದರ್ಶನ ಭಾನುವಾರ, ಅದೇ ಕೊಪ್ಪಲಿನಲ್ಲಿ, ಅದೇ ಶಾಲೆಯ ಮುಂದೆ. ಅಂಕ ಕೊಡುವವರೂ ಅಲ್ಲಿಗೇ ಬರುವವರಿದ್ದರು. ಜನ ಸೇರದಿದ್ದರೆ ಮಾನ ಹೋಗುತ್ತದೆಂದು ತಂಡಕ್ಕೆ ಭಯ. ಶನಿವಾರವೇ ಹೋಗಿ ಪೋಸ್ಟರ್ ಅಂಟಿಸುವುದೆಂದು ತೀರ್ಮಾನವಾಗಿತ್ತು. ಮೇಷ್ಟ್ರು ಒಪ್ಪಿದರೆ ಆ ಸಂಜೆಯೇ ಅಚ್ಚಿಗೆ ಹೋಗುತ್ತಿತ್ತು. ಅವರು ನೋಡಿ, ಬಣ್ಣ ಚೆನ್ನಾಗಿ ಕೂತಿದೆ, ಈ ತೆರೆದ ಬಾಗಿಲು ಸಿನಿಮಾದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದ್ದರು. ಅದಕ್ಕೆ ಉತ್ತರವಾಗಿ ಬಂದದ್ದೇ ತನುಜಾಳ ಪ್ರಶ್ನೆ.

“ಬೀಗ ಹಾಕಿದ ಬಾಗಿಲನ್ನ ನೋಡೋಕೆ ಯಾರು ಬರ್ತಾರೆ ಸರ್?” ಎಂದು ಅವಳು ಮುಂದುವರಿಸಿದಳು. “ಜನ ಬರಬೇಕು ಅಂದ್ರೆ ಏನಾದ್ರೂ ಆಸೆ ತೋರಿಸಬೇಕಲ್ವಾ? ಪೋಸ್ಟರಿನ ಕೆಲಸ ಕರೆಯೋದು.”

“ಕರೆಯೋದು ನಿಜ,” ಎಂದರು ಮೇಷ್ಟ್ರು. “ಕೂತ್ಕೋ. ಕರೆದವನೊಬ್ಬನ ಕತೆ ಇದೆ.”

ತನುಜಾ ಗಡಿಯಾರ ನೋಡಿ ಕುಳಿತಳು. ಮೇಷ್ಟ್ರು ಶುರು ಮಾಡಿದರು.

ಒಂದು ಊರಿನಲ್ಲಿ ಒಂದು ಟೆಂಟು ಸಿನಿಮಾ ಇತ್ತು. ಅದಕ್ಕೊಬ್ಬ ಯಜಮಾನ. ಆ ಟೆಂಟಿಗೆ ಬೋರ್ಡು ಬರೆಯಲು ಒಬ್ಬ ಪೇಂಟರ್.

ಪೇಂಟರ್ ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಮರದ ಚೌಕಟ್ಟಿಗೆ ಬಿಗಿದ ಒಂದು ದೊಡ್ಡ ಬಟ್ಟೆ ಇತ್ತು. ಸಿನಿಮಾ ಬದಲಾದಾಗ ಹಳೆಯ ಚಿತ್ರದ ಮೇಲೆ ಬಿಳಿ ಬಳಿದು, ಒಣಗಿಸಿ, ಅದರ ಮೇಲೇ ಹೊಸದನ್ನು ಬರೆಯಬೇಕು. ಬರೆದ ಬೋರ್ಡನ್ನು ಎತ್ತಿನ ಗಾಡಿಗೆ ಕಟ್ಟಿ, ತಮಟೆ ಬಾರಿಸಿಕೊಂಡು ಸುತ್ತಲ ಹಳ್ಳಿಗಳಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಅದು ಟೆಂಟಿನ ಬಾಗಿಲಲ್ಲಿ ನಿಲ್ಲುತ್ತಿತ್ತು. ಸಿನಿಮಾದ ಪೆಟ್ಟಿಗೆ ಬಸ್ಸಿನಲ್ಲಿ ಬರುತ್ತಿದ್ದದ್ದು ಆಟದ ದಿನ. ಬೋರ್ಡು ಊರೂರು ತಿರುಗಬೇಕಾದದ್ದು ಅದಕ್ಕೂ ಮುಂಚೆ. ಹೀಗಾಗಿ ಪೇಂಟರ್ ಸಿನಿಮಾ ನೋಡದೆಯೇ ಬೋರ್ಡು ಬರೆಯುತ್ತಿದ್ದ. ಇದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ. ಮದುವೆಗೆ ಮುಂಚೆಯೇ ಲಗ್ನಪತ್ರಿಕೆ ಅಚ್ಚಾಗುವುದಿಲ್ಲವೇ, ಹಾಗೆ.

ಅವನ ಕೈಗೆ ಸಿಗುತ್ತಿದ್ದದ್ದು ಕಂಪನಿಯವರು ಕಳಿಸಿದ ಕೆಲವು ಫೋಟೋ ಮತ್ತು ಹಾಡಿನ ಪುಸ್ತಕ. ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ಕತೆಯ ಸಾರಾಂಶ ಇರುತ್ತಿತ್ತು. ಅದು ಯಾವತ್ತೂ ಪೂರ್ತಿ ಇರುತ್ತಿರಲಿಲ್ಲ. ಕತೆ ಗಟ್ಟಿಯಾಗುವ ಜಾಗಕ್ಕೆ ಬಂದೊಡನೆ, ಮುಂದೇನಾಯಿತು ಎಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಹೇಳಿ ನಿಂತುಬಿಡುತ್ತಿತ್ತು. ಉಳಿದದ್ದನ್ನು ಪೇಂಟರ್ ತಾನೇ ಊಹಿಸಿಕೊಳ್ಳುತ್ತಿದ್ದ. ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು. ಕೆಟ್ಟವನು ಸೋಲುತ್ತಾನೆ, ಅತ್ತೆಗೆ ಬುದ್ಧಿ ಬರುತ್ತದೆ, ದೂರವಾದವರು ಒಂದಾಗುತ್ತಾರೆ. ಇಷ್ಟು ತಿಳಿಯಲು ಸಿನಿಮಾ ನೋಡಬೇಕೇ?

ಒಮ್ಮೆ ಟೆಂಟಿಗೆ ಒಂದು ತಾಯಿ ಮಗನ ಸಿನಿಮಾ ಬರುವುದೆಂದು ಗೊತ್ತಾಯಿತು. ರೈಲು ನಿಲ್ದಾಣದ ಗದ್ದಲದಲ್ಲಿ ಮಗ ತಾಯಿಯ ಕೈ ತಪ್ಪಿಹೋಗುತ್ತಾನೆ. ತಾಯಿ ಅವನನ್ನು ಹುಡುಕುತ್ತ ಹೊರಡುತ್ತಾಳೆ. ಹಾಡಿನ ಪುಸ್ತಕ ಅಲ್ಲಿಗೆ ನಿಂತಿತ್ತು. ಫೋಟೋಗಳಲ್ಲಿ ತಾಯಿಯದು ಬೇರೆ, ಮಗನದು ಬೇರೆ ಇತ್ತು. ಇಬ್ಬರೂ ಒಟ್ಟಿಗಿದ್ದ ಒಂದೂ ಇರಲಿಲ್ಲ. ಅದನ್ನು ಕಂಡಾದರೂ ಪೇಂಟರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ತಪ್ಪಿಹೋದ ಮಗ ಕೊನೆಗೆ ಸಿಗದೆ ಎಲ್ಲಿಗೆ ಹೋಗುತ್ತಾನೆ ಎಂದುಕೊಂಡ.

ತಾಯಿ ಮಗನನ್ನು ಅಪ್ಪಿಕೊಂಡಂತೆ ಬರೆದ. ಹಿಂದೆ ಒಂದು ರೈಲು. ಪಕ್ಕದಲ್ಲಿ ನಿಲ್ದಾಣದ ಹೆಸರಿನ ಹಳದಿ ಹಲಗೆ. ಯಾವ ಊರೆಂದು ಪುಸ್ತಕದಲ್ಲಿ ಇರಲಿಲ್ಲವಾದ್ದರಿಂದ, ಹಲಗೆಯ ಮೇಲೆ ದೂರಕ್ಕೆ ಅಕ್ಷರದಂತೆ ಕಾಣುವ ನಾಲ್ಕು ಕಪ್ಪು ಗೆರೆ ಎಳೆದ. ಬೋರ್ಡು ಬರೆಯುವವರು ಹೀಗೆ ಮಾಡುವುದು ರೂಢಿ. ಅಂಗಡಿ ಬರೆದರೆ ಮೇಲೊಂದು ಹೆಸರಿನಂಥ ಗೆರೆ. ಯಾರಾದರೂ ಪತ್ರಿಕೆ ಓದುತ್ತಿದ್ದರೆ ಅದರಲ್ಲಿ ಸುದ್ದಿಯಂಥ ಗೆರೆ. ಹತ್ತಿರ ಹೋಗಿ ಓದುವಷ್ಟು ಪುರುಸೊತ್ತು ಯಾರಿಗಿದೆ?

ಆ ಚಿತ್ರ ಬಹಳ ಚೆನ್ನಾಗಿ ಬಂತು. ತಾಯಿಯ ಬೆರಳುಗಳು ಮಗನ ಅಂಗಿಯನ್ನು ಹಿಡಿದಿದ್ದ ಬಗೆ ನೋಡಿ ಗಾಡಿ ಹೊಡೆಯುವವನೇ ಎತ್ತು ಕಟ್ಟುವುದನ್ನು ಬಿಟ್ಟು ನಿಂತ. ಪೇಂಟರ್ ಅಂಥದ್ದನ್ನು ಹಿಂದೆ ಬರೆದಿರಲಿಲ್ಲ. ಮುಂದೆಯೂ ಬರೆಯಲಿಲ್ಲ.

ಟೆಂಟು ತುಂಬಿತು. ಪೇಂಟರ್ ಕೂಡ ಮೊದಲ ದಿನ ಒಳಗೆ ಹೋಗಿ ಒಂದು ಮೂಲೆಯಲ್ಲಿ ನಿಂತ. ನೋಡಿದರೆ, ಮಗ ಸಿಗುವುದೇ ಇಲ್ಲ. ತಾಯಿ ದಿನಾ ಅದೇ ನಿಲ್ದಾಣಕ್ಕೆ ಹೋಗುತ್ತಾಳೆ. ರೈಲಿನಿಂದ ಇಳಿಯುವವರ ಮುಖ ನೋಡುತ್ತಾಳೆ. ಮನೆಗೆ ಹಿಂದಿರುಗುತ್ತಾಳೆ. ಕೊನೆಯಲ್ಲಿ ಅವಳ ತಲೆ ಬೆಳ್ಳಗಾಗಿದೆ. ದೂರದಲ್ಲಿ ರೈಲು ಕೂಗುತ್ತದೆ. ಅವಳು ಕುಳಿತ ಕಲ್ಲುಬೆಂಚಿನಿಂದ ಎದ್ದು ನಿಲ್ಲುತ್ತಾಳೆ. ಅಷ್ಟಕ್ಕೇ ಶುಭಂ ಎಂದು ಬರುತ್ತದೆ.

ಜನ ಗೊಣಗುತ್ತ ಹೊರಗೆ ಬಂದರು. ಬೀಡಿ ಹಚ್ಚುವ ಹೊತ್ತಿಗೆ ಮರೆತರು. ಬೋರ್ಡೇ ಬೇರೆ ಸಿನಿಮಾನೇ ಬೇರೆ ಎಂದು ಅವರಿಗೆ ಗೊತ್ತಿತ್ತು. ಬೋರ್ಡಿನ ಮೇಲೆ ಹುಲಿ ಇದ್ದು ಸಿನಿಮಾದಲ್ಲಿ ಬೆಕ್ಕೂ ಇಲ್ಲದ್ದನ್ನು ಅವರು ಕಂಡವರು. ಬೈದುಕೊಂಡೇ ಮತ್ತೆ ಬರುತ್ತಿದ್ದವರು.

ಪೇಂಟರಿಗೆ ಮಾತ್ರ ಇರುಸುಮುರುಸಾಯಿತು. ಆ ಮುದುಕಿ ಎದ್ದು ನಿಂತದ್ದು ಅವನ ಕಣ್ಣಿನಿಂದ ಹೋಗಲಿಲ್ಲ. ಬರೆಯುವುದಾದರೆ ಅದನ್ನೇ ಬರೆಯಬೇಕಿತ್ತು ಎಂದು ಅವನ ಕೈಗೆ ಅನಿಸಿತು. ಮರುದಿನ ಬೆಳಿಗ್ಗೆ ಯಜಮಾನನ ಬಳಿ ಹೋದ.

“ಸ್ವಾಮಿ, ಸಿನಿಮಾದಲ್ಲಿ ಮಗ ಸಿಗೋದಿಲ್ಲ. ನಾನು ತಪ್ಪು ಬರೆದುಬಿಟ್ಟಿದ್ದೀನಿ. ಒಂದು ದಿನ ಕೊಡಿ, ಬೋರ್ಡು ಬದಲಾಯಿಸ್ತೀನಿ,” ಎಂದ.

“ತಲೆಗಿಲೆ ಕೆಟ್ಟದೇನಯ್ಯ ನಿಂಗೆ?” ಎಂದ ಯಜಮಾನ. “ಸಿಗದೇ ಇರೋ ಮಗನ್ನ ನೋಡೋಕೆ ಯಾವನು ಬತ್ತಾನೆ? ಗಾಳಿ ಬಂದಾಗ ತೂರ್ಕೋಬೇಕು. ಆ ಬೋರ್ಡಿನ ಮ್ಯಾಲೆ ಕೈ ಇಟ್ಟೀಯ, ಜೋಕೆ.”

ಇಷ್ಟು ಹೇಳಿ ಮೇಷ್ಟ್ರು ತನುಜಾಳ ಕಡೆ ನೋಡಿದರು. ಈ ಮಾತನ್ನು ಈಗತಾನೆ ಎಲ್ಲೋ ಕೇಳಿದೆನಲ್ಲ ಎಂಬಂತಿತ್ತು ಅವರ ಮುಖ. ತನುಜಾ ನಾಲಿಗೆ ಕಚ್ಚಿಕೊಂಡು ನಕ್ಕಳು. ಅವರೂ ನಕ್ಕು ಮುಂದಕ್ಕೆ ಹೇಳಿದರು.

ಪೇಂಟರ್ ಹಿಂದಿರುಗಿದ. ಯಜಮಾನನ ಭಯ ಒಂದು ಕಾರಣ. ಇನ್ನೊಂದನ್ನು ಅವನು ಯಾರಿಗೂ ಹೇಳಲಿಲ್ಲ. ಆ ಚಿತ್ರ ಅಳಿಸಲು ಅವನಿಗೇ ಮನಸ್ಸಿರಲಿಲ್ಲ. ದಾರಿಯಲ್ಲಿ ನಿಲ್ಲಿಸಿ ಜನ ಹೊಗಳುತ್ತಿದ್ದರು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎನ್ನುವ ಹಾಗಾಯಿತು ಅವನ ಗತಿ. ಹೇಳಬೇಕಾದ್ದು ಹೇಳಿದ್ದೇನೆ, ಬೇಡವೆಂದದ್ದು ಯಜಮಾನ, ಇನ್ನು ನನ್ನದೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಿನಿಮಾ ನೋಡುವವರೆಗೆ ಆ ಬೋರ್ಡು ಬರೀ ಊಹೆಯಾಗಿತ್ತು. ನೋಡಿದ ಮೇಲೆ ಸುಳ್ಳಾಯಿತು. ಬಟ್ಟೆಯ ಮೇಲೆ ಒಂದು ಗೆರೆಯೂ ಬದಲಾಗಿರಲಿಲ್ಲ.

ಆ ಊರಿನ ಹೊರಗೆ ಬುಟ್ಟಿ ಹೆಣೆಯುವ ಒಬ್ಬ ಹೆಂಗಸಿದ್ದಳು. ಬಿದಿರು ಸೀಳಿ ಬುಟ್ಟಿ, ಮೊರ ಮಾಡಿ ಸಂತೆಯಲ್ಲಿ ಮಾರುತ್ತಿದ್ದಳು. ಬಹಳ ವರ್ಷಗಳ ಹಿಂದೆ ಅವಳ ಮಗನೂ ರೈಲು ನಿಲ್ದಾಣದಲ್ಲಿ ಕೈ ತಪ್ಪಿದ್ದ. ದೂರದ ಊರಿಗೆ ಬುಟ್ಟಿ ಮಾರಲು ಹೋಗಿದ್ದಳು. ಒಂದು ಕೈಯಲ್ಲಿ ಮಗ. ಇನ್ನೊಂದು ಕೈ ತಲೆಯ ಮೇಲಿನ ಬುಟ್ಟಿಯ ಹೊರೆಗೆ. ಹೊರೆ ಜಾರಿತೆಂದು ಎರಡೂ ಕೈ ಕೊಟ್ಟಳು. ಹೊರೆ ನಿಂತಿತು. ಮಗ ಇರಲಿಲ್ಲ. ಆಮೇಲೆ ಆ ರೈಲು ದಾರಿಯ ಊರುಗಳನ್ನೆಲ್ಲ ಹುಡುಕಿದ್ದಳು. ಸಿಗಲಿಲ್ಲ.

ಯಜಮಾನ ಮತ್ತೊಂದು ಸುತ್ತು ಕಳಿಸಿದ ಗಾಡಿಯ ಮೇಲಿನ ಬೋರ್ಡು ಅವಳ ಕೇರಿಗೂ ಬಂತು. ಹೆಣೆಯುತ್ತಿದ್ದ ಬುಟ್ಟಿಯನ್ನು ಅರ್ಧಕ್ಕೆ ಬಿಟ್ಟು ಅವಳು ಗಾಡಿಯ ಹಿಂದೆಯೇ ಟೆಂಟಿನವರೆಗೆ ನಡೆದಳು. ಅವಳು ಅದುವರೆಗೆ ಸಿನಿಮಾ ನೋಡಿದವಳಲ್ಲ. ನೆಲದ ಟಿಕೆಟು ತೆಗೆದುಕೊಂಡು ಪರದೆಯ ಹತ್ತಿರ ಕುಳಿತಳು. ಆಟ ಮುಗಿಯಿತು. ಎಲ್ಲರೂ ಎದ್ದರು. ಅವಳು ಏಳಲಿಲ್ಲ.

“ಆಟ ಮುಗೀತು, ಏಳವ್ವ,” ಎಂದ ಗೇಟಿನವನು.

“ಇನ್ನೂ ಮಗ ಸಿಗಬೇಕಲ್ಲಪ್ಪ,” ಎಂದಳು.

ಗೇಟಿನವನು ನಕ್ಕ. ಪಕ್ಕದಲ್ಲಿದ್ದ ಒಬ್ಬ ನಗಲಿಲ್ಲ. ಆ ಟೆಂಟಿನಲ್ಲಿ ಒಂದು ಪದ್ಧತಿಯಿತ್ತು. ಎರಡನೇ ಆಟಕ್ಕೆ ಹೊತ್ತಾಗುತ್ತದೆ ಎನಿಸಿದರೆ ಯಜಮಾನ ಒಂದು ಹಾಡನ್ನೋ ಒಂದು ಹೊಡೆದಾಟವನ್ನೋ ತೋರಿಸದೆ ಬಿಡುತ್ತಿದ್ದ. ಸಂತೆಯ ದಿನ ದೂರದ ಜನ ಬರುತ್ತಾರೆಂದು ಪೂರ್ತಿ ತೋರಿಸುತ್ತಿದ್ದ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. “ಆ ರೀಲು ಬುಟ್ಟವ್ರೆ ಕಣವ್ವ. ಸಂತೆ ದಿನ ಬಾ, ತೋರುಸ್ತಾರೆ,” ಎಂದು ಆ ಪಕ್ಕದವನು ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಬೋರ್ಡು ನೋಡಿದ್ದ, ಯಜಮಾನನನ್ನೂ ಬಲ್ಲ. ಎರಡನ್ನೂ ಕೂಡಿಸಿ ತನಗೆ ತೋಚಿದ್ದನ್ನು ಹೇಳಿದ.

ಅವಳು ಸಂತೆಯವರೆಗೆ ಕಾಯಲಿಲ್ಲ. ಎಲ್ಲಿ ತಾನಿಲ್ಲದ ದಿನ ತೋರಿಸಿಬಿಡುತ್ತಾರೋ ಎಂದು ದಿನಾ ಬಂದಳು. ಒಳಗೆ ಹೋಗುವ ಮುಂಚೆ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅವಳ ಕತೆಯನ್ನು ಟೆಂಟಿನವರು ಪೇಂಟರಿಗೆ ಹೇಳಿದರು. ಕೇಳಿದ ಮೇಲೆ ಅವನು ಸಂಜೆ ಟೆಂಟಿನ ಕಡೆ ಬರುವುದನ್ನು ಬಿಟ್ಟ.

ಸಂತೆಯ ದಿನ ಬಂತು. ಅವತ್ತು ಯಜಮಾನ ಪೂರ್ತಿ ತೋರಿಸಿದ. ಬಿಟ್ಟಿದ್ದ ಹಾಡು ಬಂತು. ಬಿಟ್ಟಿದ್ದ ಹೊಡೆದಾಟ ಬಂತು. ಮಗ ಬರಲಿಲ್ಲ.

ಅವಳು ಹೊರಗೆ ಬಂದು, ಅಕ್ಷರ ಬಲ್ಲವರಂತೆ ಕಂಡವರನ್ನೆಲ್ಲ ಬೋರ್ಡಿನ ಮುಂದೆ ನಿಲ್ಲಿಸಿ, ಈ ಹಳದಿ ಹಲಗೆಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಒಬ್ಬ ಬಗ್ಗಿ ನೋಡಿ ಬಣ್ಣ ಕಲಸಿಹೋಗಿದೆ ಎಂದ. ಇನ್ನೊಬ್ಬ ಇದು ಇಂಗ್ಲಿಷು ಇರಬೇಕು ಎಂದ. ಮತ್ತೊಬ್ಬ ಕನ್ನಡಕ ಏರಿಸಿ, ಇಂಗ್ಲಿಷಲ್ಲ, ಹಿಂದಿ ಎಂದ. ಅಲ್ಲಿ ಏನೂ ಬರೆದಿಲ್ಲ ಎನ್ನಲು ಓದಿದವರಿಗೆ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಸಿನಿಮಾದ ಪೆಟ್ಟಿಗೆ ಊರು ಬಿಟ್ಟಿತು. ಪೇಂಟರ್ ಟೆಂಟಿನ ಹಿಂದೆ ಬೋರ್ಡನ್ನು ಗೋಡೆಗೆ ಒರಗಿಸಿ ಬಿಳಿ ಬಳಿಯಲು ಶುರು ಮಾಡಿದ್ದ. ಮೇಲಿನ ಆಕಾಶ ಮುಚ್ಚಿತ್ತು. ರೈಲಿನ ಹೊಗೆ ಅರ್ಧ ಹೋಗಿತ್ತು. ಆಗ ಅವಳು ಬಂದಳು. ಕಂಕುಳಲ್ಲಿ ಒಂದು ಸಣ್ಣ ಗಂಟಿತ್ತು.

“ಅಣ್ಣಾ, ಅಳಿಸಬ್ಯಾಡ. ಒಂದು ಗಳಿಗೆ ತಡಿ.”

ಅವನು ಬ್ರಷ್ಷು ಇಳಿಸಿದ.

“ಇದನ್ನ ಬರ್ದೋನು ನೀನೇ ಅಂತೆ?”

“ಹೌದವ್ವ.”

“ಹಂಗಾರೆ ಅವ್ವಂಗೆ ಮಗ ಸಿಕ್ಕಿದ್ದನ್ನ ನೀನು ನೋಡಿದ್ದೀಯ.”

ಇಲ್ಲ ಎನ್ನಬೇಕಿತ್ತು. ಅವಳ ಮುಖ ನೋಡಿ ಹೇಳಲಾಗಲಿಲ್ಲ. ಅವನಿಗೆ ಕರುಣೆ ಬಂತು. ಮನುಷ್ಯನಿಗೆ ಕರುಣೆ ಬಂದಾಗ ಸುಳ್ಳು ಬಹಳ ಸಲೀಸಾಗಿ ಬರುತ್ತದೆ. ಆಗ ಅದು ಸುಳ್ಳಿನ ಹಾಗೆ ಕಾಣುವುದೂ ಇಲ್ಲ.

“ಆ ರೀಲು ಮಿಷನ್ನಿಗೆ ಸಿಕ್ಕಿ ಸುಟ್ಟೋಯ್ತು ಕಣವ್ವ. ಅದಕ್ಕೇ ತೋರಿಸಲಿಲ್ಲ,” ಎಂದ.

“ಸುಟ್ರೆ ಸುಡ್ಲಿ ಬುಡು,” ಎಂದಳು. “ಸಿಕ್ಕುದ್ನಲ್ಲ. ಅಷ್ಟು ಸಾಕು.”

ಅವಳು ನಕ್ಕದ್ದನ್ನು ಪೇಂಟರ್ ನೋಡಿದ. ಇದರಿಂದ ಯಾರಿಗೇನು ನಷ್ಟ ಎಂದು ಅವನ ಮನಸ್ಸು ಹಗುರಾಯಿತು. ಬ್ರಷ್ಷನ್ನು ಮತ್ತೆ ಬಿಳಿಗೆ ಅದ್ದಿದ. ಅಷ್ಟರಲ್ಲಿ ಅವಳು ಬೋರ್ಡಿನ ಹತ್ತಿರ ಹೋಗಿ, ಹಳದಿ ಹಲಗೆಯ ಮೇಲೆ ಬೆರಳಿಟ್ಟಳು.

“ಇದು ಯಾವೂರಣ್ಣ? ಓದೋರು ಯಾರ್ಗೂ ತಿಳೀಲಿಲ್ಲ. ಬರ್ದೋನು ನೀನು, ನಿಂಗೆ ಗೊತ್ತಿರ್ತದೆ. ಎಲ್ಲಾ ಟೇಸನ್ನೂ ಹುಡುಕಿವ್ನಿ, ಇದೊಂದು ಬುಟ್ಟೋಗದೆ ಅಂತ ಕಾಣ್ತದೆ. ಹೆಸ್ರು ಹೇಳು, ಇವತ್ತೇ ಹೊಂಟೋಯ್ತೀನಿ. ಇದ್ದ ಬುಟ್ಟಿನೆಲ್ಲ ನೆನ್ನೆ ಸಂತೇಲಿ ಮಾರ್ಬುಟ್ಟೆ. ಬಿದ್ರು ಸೀಳೋ ಕತ್ತಿನೂ ಕೊಟ್ಬುಟ್ಟೆ.”

ಮೇಷ್ಟ್ರು ಕತೆ ನಿಲ್ಲಿಸಿ ಲೋಟದ ನೀರು ಕುಡಿದರು. ತನುಜಾ ಗಡಿಯಾರದ ಕಡೆ ನೋಡುವುದನ್ನು ಯಾವಾಗಲೋ ಬಿಟ್ಟಿದ್ದಳು.

“ಪೇಂಟರ್ ಏನು ಹೇಳಿದ ಸರ್?”

ಪೇಂಟರಿನ ನಾಲಿಗೆಯ ತುದಿಗೆ ಆ ರೈಲು ದಾರಿಯ ಊರುಗಳೆಲ್ಲ ಬಂದವು, ಎಂದು ಮೇಷ್ಟ್ರು ಮುಂದುವರಿಸಿದರು. ಯಾವುದಾದರೂ ಒಂದನ್ನು ಹೇಳಿದರೆ ಸಾಕಿತ್ತು. ಅವಳು ಸಂತೋಷದಿಂದ ಹೋಗುತ್ತಿದ್ದಳು. ಒಂದು ಸುಳ್ಳು ಹೇಳಿಯಾಗಿತ್ತು, ಎರಡನೆಯದಕ್ಕೆ ಬಾಯಿ ತೆರೆದೂ ಇತ್ತು. ಆದರೆ ಯಾವ ಊರು ಹೇಳಿದರೂ ಅವಳು ಆ ಊರಿನಲ್ಲಿ ಇಳಿಯುತ್ತಾಳೆ. ಇಳಿದು, ಅಲ್ಲಿಯ ಹುಡುಗರ ಮುಖವನ್ನೆಲ್ಲ ನೋಡುತ್ತಾಳೆ. ಅದು ಅವನಿಗೆ ಹೊಳೆಯಿತು. ಅವನು ಬ್ರಷ್ಷನ್ನು ಕೆಳಗಿಟ್ಟ.

“ಅದು ಊರಲ್ಲ ತಾಯಿ,” ಎಂದ. “ಬರೀ ಗೆರೆ. ರೀಲೂ ಸುಟ್ಟಿಲ್ಲ. ಸಿನಿಮಾದಲ್ಲಿ ಮಗ ಸಿಗೋದಿಲ್ಲ. ಸಿಕ್ಕಿದ ಅಂತ ನಾನೇ ಬರೆದದ್ದು.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತಳು. ಬೋರ್ಡನ್ನು ನೋಡಿದಳು. ತಾಯಿಯ ಬೆರಳು, ಮಗನ ಅಂಗಿ, ಹಳದಿ ಹಲಗೆ. ಆಮೇಲೆ ಹೇಳಿದಳು.

“ಆ ಅವ್ವ ಪರದೆ ಮ್ಯಾಲೆ ದಿನಾ ಟೇಸನ್ನಿಗೆ ಹೋಗ್ತಿದ್ಲಲ್ಲಣ್ಣ, ಅದನ್ನೇ ಬರೀಬೌದಾಗಿತ್ತು. ನಾನೂ ಹಂಗೇ ಹೋಗ್ತಿದ್ದೆ. ನನ್ನಂಗೇ ಇನ್ನೊಬ್ಳು ಅವ್ಳೆ ಅಂತ, ಅದ್ನ ನೋಡಕ್ಕೂ ಬತ್ತಿದ್ದೆ.”

ಪೇಂಟರ್ ಮೊದಲು ಹಳದಿ ಹಲಗೆಯ ಮೇಲೆ ಬಿಳಿ ಬಳಿದ. ಆಮೇಲೆ ಉಳಿದದ್ದರ ಮೇಲೆ. ಬೋರ್ಡಿನ ಕೂಲಿ ಹಿಡಿದುಕೊಂಡು, ಅವಳ ಕತ್ತಿ ಕೊಂಡವನನ್ನು ಹುಡುಕಿಕೊಂಡು ಹೋಗಿ, ಬೇಡಿ ಬಿಡಿಸಿ ತಂದ. ಅವಳು ಕತ್ತಿ ತೆಗೆದುಕೊಂಡು ಮನೆಗೆ ಹೋದಳು. ಅರ್ಧಕ್ಕೆ ಬಿಟ್ಟಿದ್ದ ಬುಟ್ಟಿ ಅಲ್ಲೇ ಇತ್ತು.

ಮುಂದೆ ಪೇಂಟರ್, ಸಿನಿಮಾ ನೋಡದೆ ಬೋರ್ಡು ಬರೆಯುವುದಿಲ್ಲ ಎಂದು ಹಟ ಹಿಡಿದ. ಯಜಮಾನ ನಕ್ಕು ಬೇರೊಬ್ಬನನ್ನು ಕರೆಸಿಕೊಂಡ. ಇವನು ಅಂಗಡಿಗಳ ಹೆಸರು ಬರೆದು ಬದುಕಿದ. ಅಂಗಡಿಯವರು ಅಳೆದು ನೋಡಿ ಅಕ್ಷರ ತೆಗೆದುಕೊಳ್ಳುತ್ತಾರೆ, ಗೆರೆ ಎಳೆದರೆ ಒಪ್ಪುವುದಿಲ್ಲ.

ಕತೆ ಇಷ್ಟೇ ಎಂದರು ಮೇಷ್ಟ್ರು.

ತನುಜಾ ಪೋಸ್ಟರಿನ ಅಂಚನ್ನು ಸವರಿದಳು. ಅವಳಿಗೆ ಆ ಹೆಂಗಸಿನ ಬಗ್ಗೆ ಸಂಕಟವಾಗಿತ್ತು. ಆದರೆ ಪೋಸ್ಟರ್ ಮಾಡಲು ಅವಳು ಒಂದು ವಾರ ಕಣ್ಣು ಕೆಂಪಗೆ ಮಾಡಿಕೊಂಡು ದುಡಿದಿದ್ದಳು. ಅದು ನಿಜಕ್ಕೂ ಚೆನ್ನಾಗಿತ್ತು. ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ಅದು ಆ ಕಾಲ ಸರ್. ಈಗ ಪೋಸ್ಟರ್ ಬೇರೆ, ಸಿನಿಮಾ ಬೇರೆ ಅಂತ ಎಲ್ಲರಿಗೂ ಗೊತ್ತಿರುತ್ತೆ.”

“ಆಗಲೂ ಎಲ್ಲರಿಗೂ ಗೊತ್ತಿತ್ತಮ್ಮ. ಒಬ್ಬಳನ್ನ ಬಿಟ್ಟು.”

“ಆದ್ರೆ ನಾನು ಎಲ್ಲೂ ಸುಳ್ಳು ಹೆಸರು ಬರೆದಿಲ್ಲ ಸರ್. ಒಂದು ಬಾಗಿಲು ತೆರೆದಿದ್ದೀನಿ, ಅಷ್ಟೇ. ಅದನ್ನ ನೋಡಿ ಯಾರು ಏನು ಕೇಳ್ತಾರೆ?”

ಮೇಷ್ಟ್ರು ಪೋಸ್ಟರನ್ನು ಅವಳ ಕಡೆ ತಿರುಗಿಸಿ, ತೆರೆದ ಬಾಗಿಲ ಪಕ್ಕದಲ್ಲಿ ನಗುತ್ತಿದ್ದ ಹೆಂಗಸಿನ ಮೇಲೆ ಬೆರಳಿಟ್ಟರು.

“ಶನಿವಾರ ನೀನು ಇದನ್ನ ಅಂಟಿಸ್ತಾ ಇರುವಾಗ ಸಣ್ಣತಾಯಮ್ಮ ಪೊರಕೆ ಹಿಡ್ಕೊಂಡು ಬಂದು, ‘ಬಾಗ್ಲು ಯಾವತ್ತು ತೆಗೀತಾರವ್ವ?’ ಅಂತ ಕೇಳಿದರೆ, ಯಾವ ದಿನ ಹೇಳ್ತೀಯ?”